ಏರುದಾರಿಯ ಲೆಕ್ಕ

ಮನೆಯ ಮೂಲೆಯಲ್ಲಿ ನಿಲ್ಲಿಸಿದ ವ್ಯಾಯಾಮದ ಬೈಸಿಕಲ್ಲಿನ ಮೇಲೆ ಕುಳಿತು ದಿನವೂ ಇಪ್ಪತ್ತು ಕಿಲೋಮೀಟರ್ ಸವಾರಿ ಮಾಡುವವರು ಇಂದಿನ ನಗರಗಳಲ್ಲಿ ವಿರಳರಲ್ಲ. ತಲೆಯ ಮೇಲೆ ಫ್ಯಾನು ತಿರುಗುತ್ತಿರುತ್ತದೆ. ಎದುರಿಗೆ ಟೆಲಿವಿಷನ್ ನಡೆಯುತ್ತಿರುತ್ತದೆ. ಕೈಯಳತೆಯಲ್ಲಿರುವ ತಿರುಪನ್ನು ಬಿಗಿಗೊಳಿಸಿದರೆ ಅದೇ ಬೆಟ್ಟ, ಸಡಿಲಿಸಿದರೆ ಅದೇ ಬಯಲು. ಹೀಗೆ ಆರು ತಿಂಗಳು ತುಳಿದವನಿಗೆ ತನ್ನ ಕಾಲುಗಳ ವಿಷಯದಲ್ಲಿ ಒಂದಿಷ್ಟು ಅಭಿಮಾನ ಹುಟ್ಟುವುದು ಸಹಜವೇ. ಆ ಅಭಿಮಾನದೊಡನೆ ಒಂದು ಭಾನುವಾರ ನಸುಕಿನಲ್ಲಿ ನಿಜವಾದ ಬೈಸಿಕಲ್ಲನ್ನೇರಿ, ನಿಜವಾದ ಬೆಟ್ಟದ ಬುಡಕ್ಕೆ ಬಂದಾಗ ಆಗುವುದೇನು? ಮೊದಲ ಕಿಲೋಮೀಟರು ಮುಗಿಯುವುದರೊಳಗೆ ಉಸಿರು ಸಾಲದಾಗುತ್ತದೆ, ತೊಡೆಗಳು ಉರಿಯತೊಡಗುತ್ತವೆ, ಮುಂದಿನ ಚಕ್ರ ಅತ್ತಿತ್ತ ತಡವರಿಸುತ್ತದೆ. ಕಡೆಗೆ ಕಾಲು ತಾನಾಗಿಯೇ ನೆಲಕ್ಕೆ ಇಳಿಯುತ್ತದೆ.

ಹಾಗೆ ಇಳಿದು ಬೈಸಿಕಲ್ಲನ್ನು ತಳ್ಳಿಕೊಂಡು ನಡೆಯುವವನು ಮೊದಲು ಮಾಡುವ ಕೆಲಸವೆಂದರೆ, ಯಾರಾದರೂ ತನ್ನನ್ನು ಕಂಡರೇನೋ ಎಂದು ಸುತ್ತ ನೋಡುವುದು. ಆದರೆ ಅವನು ನಾಚಬೇಕಾದ ಕಾರಣವಿಲ್ಲ. ಲೋಕದ ಅತ್ಯಂತ ಪ್ರಸಿದ್ಧ ಬೈಸಿಕಲ್ ಪಂದ್ಯವನ್ನು ಗೆದ್ದ ಶೂರನೊಬ್ಬನೂ ಒಮ್ಮೆ ಹೀಗೆಯೇ ಇಳಿದು ತಳ್ಳಿದ್ದಾನೆ. ಆತನ ಕಥೆಯನ್ನು ಕೇಳಿದರೆ ಏರುದಾರಿಯ ಗುಟ್ಟು ಅರ್ಧ ತಿಳಿದಂತೆಯೇ ಸರಿ.

ಚೆನ್ನಾಗಿದ್ದ ರಸ್ತೆ

ಫ್ರಾನ್ಸ್ ದೇಶವನ್ನು ಬೈಸಿಕಲ್ ಮೇಲೆ ಸುತ್ತುವ ‘ಟೂರ್ ದ ಫ್ರಾನ್ಸ್’ ಪಂದ್ಯ ಮೊದಲಾದುದು 1903ರಲ್ಲಿ. ‘ಲೋಟೊ’ ಎಂಬ ಕ್ರೀಡಾಪತ್ರಿಕೆ ತನ್ನ ಪ್ರಸಾರವನ್ನು ಹೆಚ್ಚಿಸಿಕೊಳ್ಳಲೆಂದು ಹೂಡಿದ ಉಪಾಯವದು. ಪತ್ರಿಕೆಯ ಸಂಪಾದಕ ಆನ್ರಿ ದೆಗ್ರಾಂಜ್ ಸ್ವತಃ ಬೈಸಿಕಲ್ ವೀರ. 1893ರಲ್ಲಿ ಒಂದು ಗಂಟೆಯಲ್ಲಿ 35 ಕಿಲೋಮೀಟರಿಗೂ ಹೆಚ್ಚು ದೂರ ತುಳಿದು ದಾಖಲೆ ಸ್ಥಾಪಿಸಿದವನು. 1905ರಲ್ಲಿ ವೋಜ್ ಪರ್ವತಗಳ ‘ಬಲೋಂ ದಾಲ್ಸಾಸ್’ ಎಂಬ ಏರನ್ನು ಪಂದ್ಯದೊಳಗೆ ಸೇರಿಸಿದಾಗ ಜನ ಮೆಚ್ಚಿಕೊಂಡರು. ಅಷ್ಟಕ್ಕೆ ತೃಪ್ತಿಯಾಗದ ಆತನ ಸಹೋದ್ಯೋಗಿ ಅಲ್ಫೋನ್ಸ್ ಸ್ಟೈನೆಸ್ ಎಂಬಾತ, ಫ್ರಾನ್ಸಿಗೂ ಸ್ಪೇನಿಗೂ ನಡುವೆ ಗೋಡೆಯಂತೆ ನಿಂತಿರುವ ಪಿರೆನೀಸ್ ಪರ್ವತಗಳನ್ನೇ ಸವಾರರಿಂದ ಹತ್ತಿಸಬೇಕೆಂದು ಹಟ ಹಿಡಿದನು.

ದೆಗ್ರಾಂಜ್‌ಗೆ ಸಂಶಯ. ವರ್ಷದ ಬಹುಕಾಲ ಹಿಮ ಮುಚ್ಚಿರುವ ಆ ಕಣಿವೆಗಳಲ್ಲಿ ರಸ್ತೆಯಾದರೂ ಇದೆಯೇ? 1910ರ ಪಂದ್ಯಕ್ಕೆ ಮುನ್ನ ಸ್ಟೈನೆಸ್ ತಾನೇ ನೋಡಿಬರಲು ಹೊರಟನು. 2115 ಮೀಟರ್ ಎತ್ತರದ ‘ತೂರ್ಮಲೆ’ ಕಣಿವೆಯ ತುದಿ ತಲಪುವ ಮೊದಲೇ ಅವನ ಮೋಟಾರು ಹಿಮದಲ್ಲಿ ಸಿಕ್ಕಿ ನಿಂತಿತು. ಕತ್ತಲಲ್ಲಿ ಕಾಲ್ನಡಿಗೆಯಿಂದಲೇ ಮುಂದುವರಿದವನು ದಾರಿ ತಪ್ಪಿದನು. ಹುಡುಕಲು ಹೊರಟವರ ಕೈಗೆ ಅವನು ಸಿಕ್ಕಿದುದು ಬೆಳಗಿನ ಜಾವದ ಹೊತ್ತಿಗೆ. ಇಷ್ಟಾದ ಮೇಲೆ ಅವನು ಪ್ಯಾರಿಸಿಗೆ ಕಳುಹಿಸಿದ ತಂತಿ ಪಂದ್ಯದ ಇತಿಹಾಸದಲ್ಲಿ ಅಮರವಾಗಿ ಉಳಿದಿದೆ. ತೂರ್ಮಲೆ ದಾಟಿದೆನೆಂದೂ, ರಸ್ತೆ ಬಹಳ ಚೆನ್ನಾಗಿದೆಯೆಂದೂ, ಸಂಚಾರಕ್ಕೆ ಯಾವ ಅಡ್ಡಿಯೂ ಇಲ್ಲವೆಂದೂ ಅದರ ಸಾರಾಂಶ!

ಹೀಗೆ ಹೇಳಿದವನು ಮೋಟಾರಿನಲ್ಲಿ ಹೋದವನು, ಅನಂತರ ನಡೆದವನು. ಆ ದಾರಿಯನ್ನು ಬೈಸಿಕಲ್ಲಿನಲ್ಲಿ ತುಳಿದವನಲ್ಲ.

ಹದಿನಾಲ್ಕು ಗಂಟೆಗಳ ಹಗಲು

1910ರ ಜುಲೈ 21. ಬೆಳಗಿನ ಮೂರೂವರೆ ಗಂಟೆಗೆ ಲೂಶೋನ್ ಪಟ್ಟಣದಿಂದ ಸವಾರರು ಹೊರಟರು. ಸೇರಬೇಕಾದ ಊರು ಬಯೋನ್. ದೂರ 326 ಕಿಲೋಮೀಟರ್. ನಡುವೆ ಪೇರಸೂರ್ದ್, ಆಸ್ಪಿನ್, ತೂರ್ಮಲೆ, ಒಬಿಸ್ಕ್ ಎಂಬ ನಾಲ್ಕು ಮಹಾ ಕಣಿವೆಗಳು, ಒಂದರ ಹಿಂದೊಂದು. ಡಾಂಬರು ಕಾಣದ, ಕಲ್ಲುಮಣ್ಣಿನ ರಸ್ತೆ. ಇಂದಿನವುಗಳಿಗಿಂತ ಬಹಳ ಭಾರವಾದ ಬೈಸಿಕಲ್ಲು. ದೆಗ್ರಾಂಜ್ ಪರ್ವತದ ಹಂತಕ್ಕೆ ಮೊದಲೇ ಅಸ್ವಸ್ಥನಾಗಿ, ಉಸ್ತುವಾರಿಯನ್ನು ವಿಕ್ಟರ್ ಬ್ರೇಯೆ ಎಂಬ ಸಹಾಯಕನಿಗೆ ಒಪ್ಪಿಸಿ ಹಿಂದಿರುಗಿದ್ದನು.

ತೂರ್ಮಲೆಯ ತುದಿಯನ್ನು ಮೊದಲು ಮುಟ್ಟಿದವನು ಒಕ್ತಾವ್ ಲಪೀಜ್. ಆದರೆ ದಾರಿಯಲ್ಲಿ ಆತ ಇಳಿದು ನಡೆದಿದ್ದನು. ಅವನ ಬೆನ್ನ ಹಿಂದೆಯೇ ಬಂದ ಗುಸ್ತಾವ್ ಗಾರಿಗೂ ಮಾತ್ರ ಒಮ್ಮೆಯೂ ಕಾಲನ್ನು ನೆಲಕ್ಕೆ ತಾಗಿಸಲಿಲ್ಲ. ಆ ಸಾಹಸಕ್ಕಾಗಿ ಅವನಿಗೆ 100 ಫ್ರಾಂಕುಗಳ ಬಹುಮಾನ ದೊರಕಿತು. ಅನಂತರ ಬಂದಿತು ಒಬಿಸ್ಕ್. ಅದರ ತುದಿಯಲ್ಲಿ ಬ್ರೇಯೆ ಮತ್ತು ಅವನ ಸಂಗಡಿಗರು ಕಾದಿದ್ದರು. ಮೊದಲು ಬಂದವನು ಹೆಸರು ಕೇಳಿರದ ಸ್ಥಳೀಯ ಸವಾರ ಫ್ರಾಂಸ್ವಾ ಲಫೂರ್ಕಾದ್. ಏನಾಯಿತೆಂದು ಕೇಳಿದರೂ ಬಾಯಿ ಬಿಡದೆ ಮುಂದೆ ಸಾಗಿದನು. ಕಾಲು ಗಂಟೆ ಕಳೆದ ಮೇಲೆ ಕಾಣಿಸಿಕೊಂಡ ಲಪೀಜ್ ಬೈಸಿಕಲ್ಲನ್ನು ತಳ್ಳಿಕೊಂಡು ಬರುತ್ತಿದ್ದನು. ಅಧಿಕಾರಿಗಳನ್ನು ನೋಡಿದೊಡನೆಯೇ ಅವನ ಬಾಯಿಂದ ಹೊರಬಿದ್ದ ಮಾತು ಒಂದೇ: “ಕೊಲೆಗಡುಕರು!”

ಆದರೆ ಆ ದಿನದ ಕಥೆ ಆ ಮಾತಿನೊಡನೆ ಮುಗಿಯಲಿಲ್ಲ. ಬೈದಾದ ಮೇಲೆ ಲಪೀಜ್ ಮತ್ತೆ ಬೈಸಿಕಲ್ಲನ್ನೇರಿದನು. ಮುಂದೆ ಹೋದವನನ್ನು ಹಿಡಿದನು. 14 ಗಂಟೆ 10 ನಿಮಿಷಗಳ ಸವಾರಿಯ ಬಳಿಕ ಬಯೋನ್‌ನಲ್ಲಿ ಮೊದಲಿಗನಾಗಿ ಬಂದನು. ಆ ವರ್ಷ ಹೊರಟ 110 ಮಂದಿಯಲ್ಲಿ ಪ್ಯಾರಿಸನ್ನು ತಲಪಿದವರು 41 ಮಂದಿ ಮಾತ್ರ. ಅವರೆಲ್ಲರಿಗೂ ಮೇಲಾಗಿ ಪಂದ್ಯವನ್ನು ಗೆದ್ದವನು ಇಳಿದು ನಡೆದ ಲಪೀಜನೇ. ಎರಡನೆಯವನಿಗೂ ಅವನಿಗೂ ಇದ್ದ ಅಂತರ ನಾಲ್ಕೇ ಅಂಕಗಳು.

ತೂಕ ಮತ್ತು ಎತ್ತರ

ಬಯಲಿನಲ್ಲಿ ಗಾಳಿಯಂತೆ ಹಾರುವವನನ್ನು ಬೆಟ್ಟ ಹೀಗೆ ನೆಲಕ್ಕೆ ಇಳಿಸುವುದೇಕೆ? ಇದರಲ್ಲಿ ಪವಾಡವೇನೂ ಇಲ್ಲ, ಸರಳವಾದ ಲೆಕ್ಕವಿದೆ. ಸಮತಟ್ಟಾದ ರಸ್ತೆಯಲ್ಲಿ ಸವಾರನ ಮುಖ್ಯ ಶತ್ರು ಗಾಳಿ. ವೇಗವನ್ನು ತಗ್ಗಿಸಿದರೆ ಅದರ ತಡೆ ತಗ್ಗುತ್ತದೆ. ಇನ್ನೊಬ್ಬನ ಬೆನ್ನ ಹಿಂದೆ ಮರೆಯಾಗಿ ಸಾಗಿದರೂ ತಗ್ಗುತ್ತದೆ. ಏರಿನಲ್ಲಿ ಎದುರಾಗುವ ಶತ್ರುವೇ ಬೇರೆ: ಅದು ಭೂಮಿಯ ಸೆಳೆತ. ಅದಕ್ಕೆ ಮರೆಯಿಲ್ಲ, ರಜೆಯಿಲ್ಲ. ಬಯಲಿನಲ್ಲಿ ತುಳಿಯುವುದನ್ನು ನಿಲ್ಲಿಸಿದರೂ ಬೈಸಿಕಲ್ಲು ಒಂದಿಷ್ಟು ದೂರ ತಾನೇ ಓಡುತ್ತದೆ. ಕಡಿದಾದ ಏರಿನಲ್ಲಿ ನಿಲ್ಲಿಸಿದರೆ ಎರಡು ಗಳಿಗೆಯಲ್ಲಿ ನಿಂತುಬಿಡುತ್ತದೆ.

ಸವಾರ ಮತ್ತು ಬೈಸಿಕಲ್ಲು ಸೇರಿ 80 ಕಿಲೋ ತೂಕವೆಂದಿಟ್ಟುಕೊಳ್ಳೋಣ. ಸಮತಟ್ಟಿನಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗದಿಂದ ಸಾಗಲು ಸುಮಾರು 80 ವಾಟ್ ಶಕ್ತಿ ಸಾಕು. ತೂರ್ಮಲೆಯ ಏರಿನಲ್ಲಿ ನೂರು ಮೀಟರ್ ಮುಂದೆ ಸಾಗಿದರೆ ಸರಾಸರಿ ಏಳು ಮೀಟರಿಗೂ ಹೆಚ್ಚು ಮೇಲೇರಬೇಕು. ಅಲ್ಲಿ ಗಂಟೆಗೆ ಹತ್ತೇ ಕಿಲೋಮೀಟರ್ ಸಾಗಬೇಕಾದರೂ 160 ವಾಟಿಗಿಂತ ಹೆಚ್ಚು ಬೇಕು. ಎಂದರೆ ವೇಗ ಅರ್ಧ, ದುಡಿಮೆ ಎರಡರಷ್ಟು!

ಪೂರ್ವದ ಕಡೆಯಿಂದ ತೂರ್ಮಲೆಯನ್ನು ಹತ್ತುವವನು 17 ಕಿಲೋಮೀಟರ್ ದೂರದಲ್ಲಿ 1268 ಮೀಟರ್ ಮೇಲೇರುತ್ತಾನೆ. 80 ಕಿಲೋ ತೂಕದ ಅಕ್ಕಿಯ ಮೂಟೆಯನ್ನು ದೆಹಲಿಯ ಕುತುಬ್ ಮಿನಾರಿನ ಬುಡದಿಂದ ತುದಿಗೆ ಹದಿನೇಳು ಸಲ ಹೊತ್ತಂತೆ ಇದು. ನಮ್ಮ ದೇಹವಾದರೋ ತಿಂದ ಅನ್ನದ ಶಕ್ತಿಯಲ್ಲಿ ಕಾಲು ಭಾಗವನ್ನಷ್ಟೇ ಕೆಲಸಕ್ಕೆ ಒದಗಿಸಬಲ್ಲುದು. ಉಳಿದುದು ಶಾಖವಾಗಿ ಹೋಗುತ್ತದೆ. ವೇಗವಿಲ್ಲದುದರಿಂದ ಮೈಗೆ ಗಾಳಿಯೂ ತಗಲದು. ಆದುದರಿಂದಲೇ ಬೆಟ್ಟದ ಚಳಿಯಲ್ಲಿಯೂ ಸವಾರನ ಅಂಗಿ ಬೆವರಿನಿಂದ ತೊಯ್ಯುತ್ತದೆ.

ಮನೆಯ ವ್ಯಾಯಾಮದ ಬೈಸಿಕಲ್ಲು ಕಲಿಸಲಾರದ ಪಾಠ ಇದೇ. ಅದು ಕಾಲನ್ನು ಬಲಪಡಿಸುತ್ತದೆ, ಎದೆಯನ್ನು ಗಟ್ಟಿ ಮಾಡುತ್ತದೆ, ನಿಜ. ಆದರೆ ಅದರ ಮೇಲೆ ಕುಳಿತವನ ಭಾರವನ್ನು ಹೊರುವುದು ಕೋಣೆಯ ನೆಲ. ಬೆಟ್ಟದಲ್ಲಿ ಆ ಭಾರವನ್ನು ಕಾಲುಗಳೇ ಎತ್ತಬೇಕು. ಮನೆಯಲ್ಲಿ ತಿರುಪು ಸವಾರನ ಕೈಯಲ್ಲಿದೆ. ಬೆಟ್ಟದಲ್ಲಿ ಅದು ಬೆಟ್ಟದ ಕೈಯಲ್ಲಿದೆ.

ಭಾರದ ಮಾತು ಬಂದಾಗ 1910ರಲ್ಲಿ ಎರಡನೆಯವನಾದ ಫ್ರಾಂಸ್ವಾ ಫಾಬೆರನನ್ನು ನೆನೆಯದಿರಲಾಗದು. ಹಿಂದಿನ ವರ್ಷ ಮಳೆ ಚಳಿಗಳ ನಡುವೆ ಒಂದರ ಮೇಲೊಂದು ಐದು ಹಂತಗಳನ್ನು ಗೆದ್ದು ಪಂದ್ಯವನ್ನು ತನ್ನದಾಗಿಸಿಕೊಂಡಿದ್ದ ಭೀಮಕಾಯ ಅವನು. ತೂಕ ಸುಮಾರು 90 ಕಿಲೋ. ಬಯಲಿನಲ್ಲಿ ಅಂಥ ಮೈಕಟ್ಟು ವರ. ಪರ್ವತದಲ್ಲಿ ಪ್ರತಿಯೊಂದು ಕಿಲೋವೂ ಹೊರಲೇಬೇಕಾದ ಹೊರೆ.

ಚಿಕ್ಕ ಹೆಜ್ಜೆಯ ಉಪಾಯ

ಲಪೀಜ್ ಇಳಿದುದಕ್ಕೆ ಇನ್ನೊಂದು ಕಾರಣವಿತ್ತು. ಇಂದಿನ ಬೈಸಿಕಲ್ಲುಗಳಲ್ಲಿರುವಂತೆ ಏರಿಗೊಂದು, ಇಳಿತಕ್ಕೊಂದು ಗೇರನ್ನು ಬೆರಳ ತುದಿಯಲ್ಲಿ ಬದಲಾಯಿಸುವ ಸೌಕರ್ಯ ಅವನಿಗಿರಲಿಲ್ಲ. ಹಿಂದಿನ ಚಕ್ರದ ಎರಡು ಪಕ್ಕಗಳಲ್ಲಿ ಬೇರೆ ಬೇರೆ ಅಳತೆಯ ಹಲ್ಲುಚಕ್ರಗಳಿರುತ್ತಿದ್ದುವು. ಬದಲಿಸಬೇಕಾದರೆ ಕೆಳಗಿಳಿದು ಚಕ್ರವನ್ನು ಬಿಚ್ಚಿ ತಿರುಗಿಸಿ ಹಾಕಬೇಕಾಗಿತ್ತು. ಗೇರು ಬದಲಿಸುವ ಯಂತ್ರಗಳು ಆಗಲೇ ಬಳಕೆಗೆ ಬಂದಿದ್ದರೂ, ಅವು ವಯಸ್ಸಾದವರಿಗೆ ತಕ್ಕವೆಂದು ದೆಗ್ರಾಂಜ್ ಹೀಗಳೆಯುತ್ತಿದ್ದನು. ಪಂದ್ಯದಲ್ಲಿ ಅವುಗಳಿಗೆ ಎಲ್ಲರಿಗೂ ಅನುಮತಿ ದೊರೆತುದು 1937ರಲ್ಲಿ.

ಈ ಸೌಕರ್ಯದ ಬೆಲೆ ಎಷ್ಟೆಂಬುದನ್ನು ನಮ್ಮ ಊರುಗಳಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುವ ಕಪ್ಪು ಬೈಸಿಕಲ್ಲಿನಿಂದಲೇ ತಿಳಿಯಬಹುದು. ಅದರ ಪೆಡಲನ್ನು ಒಂದು ಸುತ್ತು ತುಳಿದರೆ ಐದು ಮೀಟರಿಗೂ ತುಸು ಹೆಚ್ಚು ಮುಂದೆ ಸಾಗುತ್ತದೆ. ಕಡಿದಾದ ಏರಿನಲ್ಲಿ ಗಂಟೆಗೆ ಎಂಟು ಕಿಲೋಮೀಟರ್ ಸಾಗುವವನು ನಿಮಿಷಕ್ಕೆ ಇಪ್ಪತ್ತೈದು ಸುತ್ತಿನಷ್ಟೇ ತುಳಿದಂತಾಯಿತು. ಪ್ರತಿ ಸುತ್ತಿಗೂ ಇಡೀ ಮೈಯ ಭಾರವನ್ನು ಹಾಕಿ ಒತ್ತಬೇಕು. ಎರಡು ಮೀಟರಿನಷ್ಟೇ ಮುಂದೊಯ್ಯುವ ಗೇರಿದ್ದರೆ ಅದೇ ವೇಗಕ್ಕೆ ಅರುವತ್ತಕ್ಕೂ ಹೆಚ್ಚು ಸುತ್ತು. ಒಂದೊಂದು ಒತ್ತಿನ ಭಾರವೂ ಅರ್ಧಕ್ಕಿಂತ ಕಡಿಮೆ. ಒಟ್ಟು ದುಡಿಮೆ ಕಡಿಮೆಯಾಗಲಿಲ್ಲ. ಸಣ್ಣ ಸಣ್ಣ ಕಂತುಗಳಾಗಿ ಹಂಚಿಹೋಯಿತು. ದೊಡ್ಡ ಸಾಲವನ್ನು ಒಮ್ಮೆಗೇ ತೀರಿಸಲಾರದ ಗೃಹಸ್ಥನು ತಿಂಗಳು ತಿಂಗಳಿಗೆ ಕಟ್ಟುವಂತೆ!

ನಂದಿಯ ತಿರುವುಗಳಲ್ಲಿ

ಬೆಂಗಳೂರಿನ ಸವಾರರಿಗೆ ಈ ಪಾಠವನ್ನು ಕಲಿಸುವ ಗುರು ನಂದಿಬೆಟ್ಟ. ನಗರದಿಂದ ಸುಮಾರು 60 ಕಿಲೋಮೀಟರ್ ದೂರದಲ್ಲಿ, 1478 ಮೀಟರ್ ಎತ್ತರಕ್ಕೆ ನಿಂತಿರುವ ಈ ಬೆಟ್ಟದ ತಿರುವುಗಳಲ್ಲಿ ವಾರಾಂತ್ಯದ ಮುಂಜಾವಿನಲ್ಲಿ ಮಂಜನ್ನು ಸೀಳಿಕೊಂಡು ಏದುತ್ತ ಹತ್ತುವ ಬೈಸಿಕಲ್ ಸವಾರರನ್ನು ಕಾಣಬಹುದು. ಮೋಟಾರಿನಲ್ಲಿ ಬಂದವರಿಗೆ ಅದು ಕೆಲವು ನಿಮಿಷಗಳ ದಾರಿ. ಅದು ಎಲ್ಲಿ ಕಡಿದು, ಎಲ್ಲಿ ಸಡಿಲ ಎಂಬುದು ಕಣ್ಣಿಗಿಂತ ಮೊದಲು ಕಾಲಿಗೆ ತಿಳಿಯುತ್ತದೆ.

ಪಳಗಿದವರು ಅಲ್ಲಿ ನಡೆದುಕೊಳ್ಳುವ ರೀತಿಯನ್ನು ಹೊಸಬರು ಗಮನಿಸಬೇಕು. ಏರು ಕಚ್ಚುವ ಮೊದಲೇ ಅವರು ಸಣ್ಣ ಗೇರಿಗೆ ಇಳಿಯುತ್ತಾರೆ. ಬುಡದಲ್ಲಿ ಬೇಕೆಂದೇ ನಿಧಾನವಾಗಿ ಹೊರಡುತ್ತಾರೆ. ಉಸಿರನ್ನು ಮೊದಲ ತಿರುವಿನಲ್ಲಿಯೇ ಖರ್ಚು ಮಾಡಿದವನಿಗೆ ಕಡೆಯ ತಿರುವಿನಲ್ಲಿ ಸಾಲ ಕೊಡುವವರಿಲ್ಲ. ದೃಷ್ಟಿ ತುದಿಯ ಮೇಲಲ್ಲ, ಮುಂದಿನ ಹತ್ತು ಗಜಗಳ ಮೇಲೆ. ನೀರನ್ನು ಬಾಯಾರುವ ಮೊದಲೇ ಗುಟುಕರಿಸುತ್ತಾರೆ. ಇಳಿಯುವಾಗ ಎರಡು ಬ್ರೇಕುಗಳನ್ನೂ ಹದವಾಗಿ ಹಿಡಿದು, ತಿರುವಿಗೆ ಮುನ್ನವೇ ವೇಗವನ್ನು ತಗ್ಗಿಸುತ್ತಾರೆ. ಇಷ್ಟಾದರೂ ಕಾಲು ಸೋತರೆ ಇಳಿದು ನಡೆಯುತ್ತಾರೆ.

ಹಾಗೆ ನಡೆಯುವುದು ಸೋಲಲ್ಲ. ತೂರ್ಮಲೆಯಲ್ಲಿ ಇಳಿಯದೆ ಹತ್ತಿದ ಗಾರಿಗೂ ನೂರು ಫ್ರಾಂಕನ್ನು ಗೆದ್ದನು, ಮರುವರ್ಷ ಪಂದ್ಯವನ್ನೂ ಗೆದ್ದನು. ಅವನ ಕೀರ್ತಿಗೆ ಕುಂದಿಲ್ಲ. ಆದರೆ ಆ ದಿನದ ಜಯ, ಆ ವರ್ಷದ ಜಯ ಎರಡೂ ಸಂದುದು ಇಳಿದು ತಳ್ಳಿ, ಬೈದು, ಮತ್ತೆ ಏರಿ ಹೊರಟ ಲಪೀಜನಿಗೆ. ಏಳು ವರ್ಷಗಳ ಬಳಿಕ, 1917ರ ಜುಲೈ 14ರಂದು, ಆತ ಮೊದಲ ಮಹಾಯುದ್ಧದ ವಿಮಾನ ಕಾಳಗದಲ್ಲಿ ಮಡಿದನು. ಅವನೊಡನೆ ಸೆಣಸಿದ ಫಾಬೆರ್ 1915ರಲ್ಲಿಯೇ ಅದೇ ಯುದ್ಧಕ್ಕೆ ಬಲಿಯಾಗಿದ್ದನು. ಅವರು ತಳ್ಳಿ ಹತ್ತಿದ ಕಣಿವೆಗಳು ಮಾತ್ರ ಅಲ್ಲಿಯೇ ಇವೆ. ಇಂದಿಗೂ ಪಂದ್ಯದ ಸವಾರರು ಆ ದಾರಿಯಲ್ಲಿ ಹಾಯುತ್ತಾರೆ. ಈಗ ಅಲ್ಲಿನ ರಸ್ತೆ ನಿಜವಾಗಿಯೂ ಚೆನ್ನಾಗಿದೆ. ಏರು ಮಾತ್ರ ಒಂದು ಅಂಗುಲವೂ ಕಡಿಮೆಯಾಗಿಲ್ಲ.