ಚಳಿಯಲ್ಲಿ ಬೇಸಿಗೆಯ ಟೈರು

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಮೋಟಾರು ಓಡಿಸಿ ಸಂಸಾರ ಸಾಗಿಸುವವರಿದ್ದಾರೆ. ಮಗನನ್ನೋ ತಮ್ಮನನ್ನೋ ಕೆಲಸಕ್ಕಾಗಿ ಜರ್ಮನಿ, ಕೆನಡಾ ಮೊದಲಾದ ಶೀತ ದೇಶಗಳಿಗೆ ಕಳಿಸಿದವರೂ ಇದ್ದಾರೆ. ಅಲ್ಲಿಂದ ಬರುವ ಸುದ್ದಿಗಳಲ್ಲಿ ಒಂದು ನಮಗೆ ವಿಚಿತ್ರವಾಗಿ ತೋರುತ್ತದೆ: ಚಳಿಗಾಲ ಬಂತೆಂದರೆ ಅಲ್ಲಿಯ ಜನ ಕಾರಿನ ನಾಲ್ಕೂ ಟೈರುಗಳನ್ನು ಬಿಚ್ಚಿ ಬೇರೆ ನಾಲ್ಕನ್ನು ಹಾಕಿಸುತ್ತಾರಂತೆ. “ಸವೆಯದ ಟೈರನ್ನು ಬಿಚ್ಚುವುದೇ? ದುಡ್ಡು ಹೆಚ್ಚಾದವರ ಚಟ” ಎನ್ನುವವರುಂಟು. ಹಾಗಲ್ಲ. ಇದಕ್ಕೆ ಕಾರಣ ರಬ್ಬರಿನ ಗುಣದಲ್ಲಿಯೇ ಇದೆ. ಅದನ್ನು ಎಲ್ಲರಿಗೂ ತಿಳಿಯುವಂತೆ ಹೇಳುವುದು ಈ ಲೇಖನದ ಉದ್ದೇಶ.

ಒಂದು ಟನ್ನಿಗೂ ಮಿಕ್ಕ ತೂಕದ ಕಾರು ನೆಲವನ್ನು ಮುಟ್ಟುವುದು ನಾಲ್ಕೇ ಕಡೆ; ಒಂದೊಂದು ಕಡೆಯೂ ಹೆಚ್ಚುಕಡಿಮೆ ಒಂದು ಅಂಗೈಯಷ್ಟು ಅಗಲ. ಓಡುವುದು, ತಿರುಗುವುದು, ನಿಲ್ಲುವುದು ಎಲ್ಲವೂ ಈ ನಾಲ್ಕು ಅಂಗೈಗಳ ಹಿಡಿತದಿಂದಲೇ. ಬ್ರೇಕು ಚಕ್ರವನ್ನು ಮಾತ್ರ ನಿಲ್ಲಿಸುತ್ತದೆ. ಗಾಡಿಯನ್ನು ನಿಲ್ಲಿಸುವುದು ಟೈರು. ಡಾಂಬರು ರಸ್ತೆ ಕಣ್ಣಿಗೆ ಸಮವಾಗಿ ಕಂಡರೂ ಅದರ ಮೈಯೆಲ್ಲ ಸಣ್ಣ ಕಲ್ಲಿನ ಉಬ್ಬುತಗ್ಗು. ಮೆತ್ತನೆಯ ರಬ್ಬರು ಭಾರಕ್ಕೆ ಬಾಗಿ ಆ ತಗ್ಗುಗಳೊಳಗೆ ಇಳಿದು ಕಚ್ಚಿಕೊಳ್ಳುತ್ತದೆ. ರಬ್ಬರು ಬಿರುಸಾದರೆ ತಗ್ಗುಗಳಿಗೆ ಇಳಿಯದೆ ಉಬ್ಬುಗಳ ಮೇಲೆಯೇ ಜಾರುತ್ತದೆ.

ಚಳಿ ಮಾಡುವ ಕೆಲಸ ಇದೇ. ಹಿಂದಿನ ಕಾಲದಲ್ಲಿ ಹಸಿ ರಬ್ಬರಿನ ಸಾಮಾನುಗಳು ಬೇಸಿಗೆಯಲ್ಲಿ ಅಂಟಾಗಿ, ಚಳಿಗಾಲದಲ್ಲಿ ಬಿರುಸಾಗಿ ಒಡೆಯುತ್ತಿದ್ದವು. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸುವ ಕ್ರಮವನ್ನು ಕಂಡುಹಿಡಿದ ಮೇಲೆ ಈ ದೋಷ ಬಹುಮಟ್ಟಿಗೆ ಕಡಿಮೆಯಾಯಿತು. ಆದರೆ ಪೂರ್ತಿ ಹೋಗಲಿಲ್ಲ. ಚಿಕ್ಕಿ ಮಾಡುವ ಬೆಲ್ಲದ ಪಾಕವನ್ನು ನೋಡಿ. ಬಿಸಿಯಿರುವಾಗ ಎಳೆದಂತೆ ಎಳೆಯುತ್ತದೆ, ಆರುತ್ತ ಬಂದಂತೆ ಬಿಗಿಯುತ್ತದೆ, ಪೂರ್ತಿ ಆರಿದರೆ ಲಟ್ಟನೆ ಮುರಿಯುತ್ತದೆ. ರಬ್ಬರಿನದೂ ಇದೇ ಜಾತಿಯ ಬದಲಾವಣೆ, ಆದರೆ ಬಹಳ ಕೆಳಗಿನ ಉಷ್ಣತೆಯಲ್ಲಿ ನಡೆಯುವಂಥದು. ನೀರು ಮಂಜುಗಡ್ಡೆಯಾಗುವಂತೆ ಒಂದೇ ಡಿಗ್ರಿಯಲ್ಲಿ ಆಗುವುದಿಲ್ಲ, ಮೆಲ್ಲಮೆಲ್ಲನೆ ಆಗುತ್ತದೆ. ಕಣ್ಣಿಗೆ ಕಾಣದಿರುವುದರಿಂದಲೇ ಇದು ಮೋಸ ಮಾಡುತ್ತದೆ.

ಬೇಸಿಗೆಯ ಟೈರಿನ ರಬ್ಬರನ್ನು ಕಾದ ರಸ್ತೆಗೂ ಮಳೆಗೂ ಹೊಂದುವಂತೆ ಬೆರೆಸಿರುತ್ತಾರೆ. ಬಿಸಿಲಿನಲ್ಲಿ ಅತಿಯಾಗಿ ಮೆತ್ತಗಾಗಿ ಸವೆಯಬಾರದೆಂದು ಅದಕ್ಕೆ ಬಿಗಿ ಹೆಚ್ಚು. ಉಷ್ಣತೆ 7 ಡಿಗ್ರಿ ಸೆಂಟಿಗ್ರೇಡಿಗಿಂತ ಇಳಿದರೆ ಟೈರು ಬದಲಿಸಬೇಕೆಂದು ಯೂರೋಪಿನಲ್ಲಿ ರೂಢಿಯ ಮಾತೊಂದಿದೆ. ಈ 7 ಒಂದು ಗುರುತು ಮಾತ್ರ. ಒಣ ಡಾಂಬರಿನ ಮೇಲೆ ಅದಕ್ಕೂ ಸ್ವಲ್ಪ ಕೆಳಗೆ ಬೇಸಿಗೆಯ ಟೈರು ಚೆನ್ನಾಗಿಯೇ ನಿಲ್ಲಬಹುದು. ಚಳಿಯ ಜೊತೆಗೆ ಹಿಮವೋ ಮಂಜುಗಡ್ಡೆಯೋ ಸೇರಿದಾಗ ಅದರ ಬಂಡವಾಳ ಬಯಲಾಗುತ್ತದೆ. ಇನ್ನೂ ಕೆಳಗೆ, ಸೊನ್ನೆಗಿಂತ 7 ಡಿಗ್ರಿ ಕಡಿಮೆಯಾದಲ್ಲಿ, ವೇಗದ ಕಾರುಗಳ ಕೆಲವು ಬೇಸಿಗೆ ಟೈರುಗಳ ರಬ್ಬರು ಬಿರಿಯಬಹುದೆಂದು ತಯಾರಕರೇ ಎಚ್ಚರಿಸುತ್ತಾರೆ.

ನೂಲಿನ ಗಿರಣಿಯಲ್ಲಿ ಕೆಲಸ ಮಾಡುವವರಿಗೆ ರಿಂಗ್ ಫ್ರೇಮಿನ ಮೇಲಿನ ರೋಲರಿಗೆ ತೊಡಿಸುವ ರಬ್ಬರ್ ಕಾಟ್ ಗೊತ್ತಿರುತ್ತದೆ. ನೂಲಿಗೆ ತಕ್ಕಂತೆ ಇಷ್ಟು ಶೋರ್ ಗಡಸಿನ ಕಾಟ್ ಬೇಕೆಂದು ಸ್ಟೋರಿನಿಂದ ತರಿಸುತ್ತಾರೆ. ಮೆತ್ತನೆಯದು ಎಳೆಯನ್ನು ಚೆನ್ನಾಗಿ ಹಿಡಿಯುತ್ತದೆ, ಬೇಗ ಸವೆಯುತ್ತದೆ. ಟೈರಿನ ಗಡಸನ್ನು ಅಳೆಯುವುದೂ ಅದೇ ಶೋರ್ ಮಾಪಕದಿಂದ, ಲೆಕ್ಕಾಚಾರವೂ ಅದೇ.

ಚಳಿಗಾಲದ ಟೈರಿನ ರಬ್ಬರು ಬೇರೆ ಬೆರಕೆಯದು. ಹೆಚ್ಚು ಶೀತದಲ್ಲಿಯೂ ಮೆತ್ತಗೆ ಉಳಿಯುತ್ತದೆ. ಅದರ ಮೈಮೇಲೆ ಬ್ಲೇಡಿನಿಂದ ಕೊಯ್ದಂಥ ನೂರಾರು ಸಣ್ಣ ಗೀರುಗಳಿರುತ್ತವೆ. ಚಕ್ರ ಉರುಳುವಾಗ ಅವು ಬಾಯಿ ಬಿಟ್ಟು ಅಂಚುಗಳಿಂದ ಹಿಮವನ್ನು ಕಚ್ಚುತ್ತವೆ. ಕಾಲುವೆಗಳಲ್ಲಿ ತುಂಬಿಕೊಂಡ ಹಿಮ ನೆಲದ ಹಿಮವನ್ನು ಹಿಡಿಯುತ್ತದೆ. ಇಂಥ ಟೈರು ಹೊಸದಲ್ಲ. ಫಿನ್ಲೆಂಡಿನ ನೋಕಿಯಾ ಊರಿನ ಕಾರ್ಖಾನೆ 1934ರಲ್ಲಿ ಲಾರಿಗಳಿಗೂ, 1936ರಲ್ಲಿ ಕಾರುಗಳಿಗೂ ಹಿಮದ ಟೈರು ತಯಾರಿಸಿತು.

ಈಗ ಸ್ವಲ್ಪ ಲೆಕ್ಕ ನೋಡೋಣ. ಗಾಡಿ ಗಂಟೆಗೆ 50 ಕಿಲೋಮೀಟರು ವೇಗದಲ್ಲಿದೆ ಎಂದಿಟ್ಟುಕೊಳ್ಳಿ. ಒಣ ಡಾಂಬರಿನ ಮೇಲೆ ಹಿಡಿತದ ಅಂಕ ಸುಮಾರು 0.7, ಬ್ರೇಕು ಒತ್ತಿದ ಮೇಲೆ ಗಾಡಿ 14 ಮೀಟರಿನಲ್ಲಿ ನಿಲ್ಲುತ್ತದೆ. ತುಳಿದು ಗಟ್ಟಿಯಾದ ಹಿಮದ ಮೇಲೆ ಚಳಿಗಾಲದ ಟೈರಿಗೆ 0.3 ಎಂದು ಹಿಡಿದರೆ 33 ಮೀಟರು. ಬೇಸಿಗೆಯ ಟೈರಿಗೆ 0.2 ಎಂದು ಹಿಡಿದರೆ 49 ಮೀಟರು. ಮೊದಲನೆಯ ಗಾಡಿ ಪೂರ್ತಿ ನಿಂತ ಜಾಗದಲ್ಲಿ ಎರಡನೆಯದು ಇನ್ನೂ ಗಂಟೆಗೆ 29 ಕಿಲೋಮೀಟರು ವೇಗದಲ್ಲಿರುತ್ತದೆ. ಆ ಜಾಗದಲ್ಲಿ ರಸ್ತೆ ದಾಟುವ ಮಗುವೊಂದು ಇದ್ದರೆ ಏನಾಗುವುದೆಂದು ಬೇರೆ ಹೇಳಬೇಕಾಗಿಲ್ಲ. ನುಣುಪಾದ ಮಂಜುಗಡ್ಡೆಯ ಮೇಲೆ ಅಂಕ 0.1ಕ್ಕೆ ಇಳಿದರೆ 98 ಮೀಟರು ಬೇಕು. ಆದರೆ ವೇಗವನ್ನು ಅರ್ಧಕ್ಕೆ ಇಳಿಸಿದರೆ ದೂರ ಕಾಲು ಭಾಗಕ್ಕೆ ಇಳಿಯುತ್ತದೆ; ಅದೇ ಮಂಜುಗಡ್ಡೆಯ ಮೇಲೆ 25ರ ವೇಗದಲ್ಲಿ 25 ಮೀಟರು ಸಾಕು.

ಚಳಿಯಲ್ಲಿ ಟೈರಿನೊಳಗಿನ ಗಾಳಿಯೂ ಕುಗ್ಗುತ್ತದೆ. 30 ಡಿಗ್ರಿಯಲ್ಲಿ 32 ಪೌಂಡು ಗಾಳಿ ತುಂಬಿಸಿ ಅದೇ ಊರಿನಲ್ಲಿ ಬಿಟ್ಟ ಗಾಡಿ, ಉಷ್ಣತೆ ಸೊನ್ನೆಗೆ ಇಳಿದ ದಿನ ಒಂದು ತೂತೂ ಇಲ್ಲದೆ 27 ಪೌಂಡಿನ ಹತ್ತಿರ ತೋರಿಸುತ್ತದೆ. ಆದುದರಿಂದ ಚಳಿಗಾಲದಲ್ಲಿ ಗಾಳಿಯನ್ನು ಪದೇ ಪದೇ ನೋಡಿಸತಕ್ಕದ್ದು. ಅದೂ ಗಾಡಿ ಓಡುವ ಮೊದಲು, ಟೈರು ತಣ್ಣಗಿರುವಾಗ.

ಜರ್ಮನಿಗೆ ಹೋಗಿ ನೆಲಸುವವರು ಮೊದಲ 6 ತಿಂಗಳು ಭಾರತದ ಲೈಸೆನ್ಸಿನ ಮೇಲೆಯೇ ಗಾಡಿ ಓಡಿಸಬಹುದು. ಅಂದರೆ ಹಿಮವನ್ನೇ ಕಾಣದ ನಮ್ಮ ಹುಡುಗನೊಬ್ಬ ಹೊಸ ಪರೀಕ್ಷೆಯಿಲ್ಲದೆ ತನ್ನ ಮೊದಲನೆಯ ಚಳಿಗಾಲದ ರಸ್ತೆಗೆ ಇಳಿಯಬಹುದು. ಹಿಮ, ಕೆಸರುಹಿಮ, ಮಂಜುಗಡ್ಡೆ ಇರುವಾಗ ಅಲ್ಲಿ ಚಳಿಗಾಲಕ್ಕೆ ತಕ್ಕ ಟೈರು ಇರಲೇಬೇಕೆಂದು 2010ರಲ್ಲಿ ಸ್ಪಷ್ಟ ನಿಯಮವಾಯಿತು; ತಪ್ಪಿದರೆ ಕನಿಷ್ಠ 60 ಯೂರೋ ದಂಡ. ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು, ಈ ಗುರುತು ಇರಬೇಕು. ‘ಎಂ ಪ್ಲಸ್ ಎಸ್’ ಎಂಬ ಅಕ್ಷರಗಳಷ್ಟೇ ಇದ್ದರೆ 2024ರ ಅಕ್ಟೋಬರಿನಿಂದ ಸಾಲದು. ಹಳೆಯ ಕಾರು ಕೊಳ್ಳುವವರು ಟೈರಿನ ಮೇಲಿನ ನಾಲ್ಕು ಅಂಕಿಗಳನ್ನೂ ಓದಬೇಕು: 3522 ಎಂದಿದ್ದರೆ 2022ರ 35ನೆಯ ವಾರದಲ್ಲಿ ಆದದ್ದು ಎಂದರ್ಥ. ರಬ್ಬರು ವಯಸ್ಸಾದಂತೆಯೂ ಗಡುಸಾಗುತ್ತದೆ.

ನಮ್ಮ ದೇಶದಲ್ಲಿಯೂ ಈ ಮಾತು ಬೇಕಾದವರಿದ್ದಾರೆ. ಅಟಲ್ ಸುರಂಗ 2020ರ ಅಕ್ಟೋಬರಿನಲ್ಲಿ ತೆರೆದ ಮೇಲೆ ಮನಾಲಿಯಿಂದ 3,000 ಮೀಟರಿಗೂ ಮೇಲಿನ ಲಾಹೌಲ್ ಕಡೆಗೆ ಚಳಿಗಾಲದಲ್ಲಿಯೂ ಗಾಡಿಗಳು ಹೋಗುತ್ತವೆ. ದಿಲ್ಲಿಯಿಂದ ಪ್ರವಾಸಿಗಳನ್ನು ಕರೆದೊಯ್ಯುವ ಟ್ಯಾಕ್ಸಿಗಳಿಗೆ ಸಾಮಾನ್ಯವಾಗಿ ಬಿಸಿಲಿಗೂ ಮಳೆಗೂ ಮಾಡಿದ ಟೈರೇ ಇರುತ್ತದೆ. ಹಿಮ ಬಿದ್ದ ದಿನ ಪೊಲೀಸರು ನಿಲ್ಲಿಸಿದರೆ ವಾದಿಸಬಾರದು. ಚಕ್ರಕ್ಕೆ ಹಾಕುವ ಚೈನನ್ನು ಜೊತೆಯಲ್ಲಿಟ್ಟುಕೊಳ್ಳಬೇಕು; ಹಾಕುವ ಕ್ರಮವನ್ನು ಮನೆಯ ಮುಂದೆಯೇ ಒಮ್ಮೆ ಅಭ್ಯಾಸ ಮಾಡಿರಬೇಕು. ಬಿಸಿಲು ಬೀಳದ ತಿರುವುಗಳಲ್ಲಿಯೂ ಸೇತುವೆಗಳ ಮೇಲೆಯೂ ಒದ್ದೆಯಂತೆ ಹೊಳೆಯುವುದು ನೀರಲ್ಲದೆ ಮಂಜುಗಡ್ಡೆಯಾಗಿರಬಹುದು.

ಕೆಲವು ತಪ್ಪು ತಿಳುವಳಿಕೆಗಳನ್ನೂ ಬಿಡಬೇಕು. ನಾಲ್ಕೂ ಚಕ್ರ ಎಳೆಯುವ ಗಾಡಿ ಹೊರಡುವುದಕ್ಕೆ ಅನುಕೂಲ. ನಿಲ್ಲುವುದಕ್ಕೆ ಅದರಿಂದ ಲಾಭವಿಲ್ಲ. ಎರಡು ಚಕ್ರಕ್ಕೆ ಮಾತ್ರ ಚಳಿಗಾಲದ ಟೈರು ಹಾಕಿ ಹಣ ಉಳಿಸಲು ಹೋದರೆ ಉಳಿದೆರಡು ಚಕ್ರಗಳು ಜಾರಿ ಗಾಡಿಯೇ ತಿರುಗಿಬಿಡಬಹುದು. ಚಳಿಗಾಲದ ಟೈರನ್ನು ಬೇಸಿಗೆಯಲ್ಲಿ ಓಡಿಸಿದರೆ ಬೇಗ ಸವೆಯುತ್ತದೆ, ಕಾದ ರಸ್ತೆಯಲ್ಲಿ ತಡವಾಗಿ ನಿಲ್ಲುತ್ತದೆ. ಕಾಲಕ್ಕೆ ತಕ್ಕ ಬಟ್ಟೆಯಂತೆ ಕಾಲಕ್ಕೆ ತಕ್ಕ ಟೈರು.

ಎರಡನೆಯ ಜೊತೆ ಟೈರು ಖರ್ಚಿನ ಬಾಬೇ, ಸುಳ್ಳಲ್ಲ. ಆದರೆ ಒಂದು ಜೊತೆ ಓಡುವಾಗ ಇನ್ನೊಂದು ಸವೆಯದೆ ಕುಳಿತಿರುತ್ತದೆ. ಆದುದರಿಂದ ಎರಡೂ ಹೆಚ್ಚು ವರ್ಷ ಬರುತ್ತವೆ. ಅದು ಕೈಗೆಟುಕದ ದಿನ ಗಾಡಿಯನ್ನು ಮನೆಯಲ್ಲಿಯೇ ಬಿಟ್ಟು ಬಸ್ಸಿನಲ್ಲಿ ಹೋಗುವುದು ಲೇಸು. ಶೀತ ದೇಶದಲ್ಲಿ ನಿಮ್ಮವರು ಯಾರಾದರೂ ಇದ್ದರೆ, ಈ ಸಲ ಮಾತಾಡುವಾಗ ಊಟತಿಂಡಿಯ ಜೊತೆಗೆ ಗಾಡಿಯ ಟೈರಿನ ವಿಚಾರವನ್ನೂ ಕೇಳಿರಿ.