ಬೆಳಕಿಲ್ಲದೆ ತೆಗೆಯುವ ಚಿತ್ರ

ವಿದ್ಯಾರ್ಥಿವೇತನದ ಅರ್ಜಿಗಳಿಗೆ ಕೊನೆಯ ದಿನ ಸಮೀಪಿಸಿದ್ದ ಸಮಯದಲ್ಲಿ, ಮುಂಡರಗಿ ಕಡೆಯ ನಮ್ಮ ವಿದ್ಯಾರ್ಥಿಯೊಬ್ಬನು ತನ್ನ ಅರ್ಜಿ ಸಲ್ಲಿಕೆಯಾದುದಕ್ಕೆ ಗುರುತೆಂದು ಒಂದು ಚಿತ್ರವನ್ನು ನನಗೆ ಕಳುಹಿಸಿದನು. ಲ್ಯಾಪ್‌ಟಾಪಿನ ತೆರೆಯ ಮುಂದೆ ಮೊಬೈಲನ್ನು ಹಿಡಿದು ತೆಗೆದ ಛಾಯಾಚಿತ್ರವದು. ಅದರ ತುಂಬ ಕಾಮನಬಿಲ್ಲಿನ ಬಣ್ಣದ ಅಲೆಯಲೆಯಾದ ಪಟ್ಟೆಗಳು. ಒಂದು ಮೂಲೆಯಲ್ಲಿ ಕಿಟಕಿಯ ಪ್ರತಿಬಿಂಬ. ಮುಖ್ಯವಾಗಿ ಬೇಕಾಗಿದ್ದ ಅರ್ಜಿಯ ಸಂಖ್ಯೆಯಲ್ಲಿ ಒಂದು ಅಂಕಿ ಮೂರೋ ಎಂಟೋ ತಿಳಿಯದು. “ಆ ಪುಟ ಮುಚ್ಚಿಬಿಟ್ಟೇನ್ರಿ ಸರ, ಮತ್ತ ಬರವಲ್ದು” ಎಂದನು. ಎರಡು ಅಂಕಿಗಳನ್ನೂ ಹಾಕಿ ನೋಡಿ ಅರ್ಜಿಯನ್ನು ಪತ್ತೆ ಹಚ್ಚುವುದರಲ್ಲಿ ನಮಗೆ ಒಂದು ಮಧ್ಯಾಹ್ನವೇ ಕಳೆದುಹೋಯಿತು. ತೆರೆಯ ಮೇಲಿರುವುದನ್ನು ಇದ್ದುದಿದ್ದಂತೆ ಹಿಡಿದಿಡುವ ಕೀಲಿಯೊಂದು ಅವನ ಬೆರಳುಗಳ ಬಳಿಯಲ್ಲಿಯೇ ಇದ್ದಿತು. ಆದರೆ ಅದರ ಪರಿಚಯ ಅವನಿಗಿರಲಿಲ್ಲ. ಆ ಕೀಲಿಯನ್ನು ಒತ್ತಿದಾಗ ಯಂತ್ರದೊಳಗೆ ನಡೆಯುವುದೇನು ಎಂಬುದನ್ನು ಈಗ ವಿಚಾರಿಸೋಣ.

ಕಲ್ಲಿನ ಅಚ್ಚು, ತೆರೆಯ ಅಚ್ಚು

ಗದಗಿಗೆ ಹತ್ತಿರದ ಲಕ್ಷ್ಮೇಶ್ವರವೇ ಪ್ರಾಚೀನ ಕಾಲದ ಪುಲಿಗೆರೆ. ಅಲ್ಲಿಯ ಶಿಲಾಶಾಸನಗಳು ಕರ್ನಾಟಕದ ಚರಿತ್ರೆಗೆ ಆಧಾರವಾದವು. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಜೆ. ಎಫ್. ಫ್ಲೀಟ್ ಮುಂತಾದ ವಿದ್ವಾಂಸರು ಅವುಗಳಲ್ಲಿ ಕೆಲವನ್ನು ಪ್ರಕಟಿಸಿದರು. ಶಾಸನವನ್ನು ಅಧ್ಯಯನ ಮಾಡುವವರು ಕಲ್ಲನ್ನು ಹೊತ್ತು ತರಲಾರರಷ್ಟೆ. ಆದುದರಿಂದ ಅವರು ಅದರ ಅಚ್ಚನ್ನು ತೆಗೆಯುತ್ತಾರೆ. ಕಲ್ಲನ್ನು ನೀರಿನಿಂದ ತೊಳೆದು, ಒದ್ದೆಯಾದ ಕಾಗದವನ್ನು ಅದರ ಮೇಲೆ ಹಾಸಿ, ಕುಂಚದಿಂದ ಬಡಿದರೆ ಕಾಗದವು ಅಕ್ಷರಗಳ ತಗ್ಗಿನೊಳಕ್ಕೆ ಇಳಿಯುತ್ತದೆ. ಅನಂತರ ಮಸಿಯನ್ನು ತಟ್ಟಿದರೆ ತಗ್ಗಿನಲ್ಲಿರುವ ಅಕ್ಷರಗಳು ಬಿಳಿಯಾಗಿ ಉಳಿದು ಸುತ್ತಲಿನ ಭಾಗವೆಲ್ಲ ಕಪ್ಪಾಗುತ್ತದೆ.

ಇದು ದೂರದಿಂದ ತೆಗೆದ ಛಾಯಾಚಿತ್ರದಂತಲ್ಲ. ಛಾಯಾಚಿತ್ರಕ್ಕೆ ಬಿಸಿಲು, ನೆರಳು, ಕೋನ ಇವೆಲ್ಲ ಅಡ್ಡಬರುತ್ತವೆ; ಅಚ್ಚಾದರೋ ಮೂಲವನ್ನೇ ಮುಟ್ಟಿ ತೆಗೆದುದು. ಸ್ಕ್ರೀನ್‌ಶಾಟಿಗೂ ಮೊಬೈಲಿನ ಛಾಯಾಚಿತ್ರಕ್ಕೂ ಇರುವ ಭೇದವು ಇದೇ ಬಗೆಯದು. ಆದಕಾರಣ ಸ್ಕ್ರೀನ್‌ಶಾಟನ್ನು ‘ತೆರೆಯಚ್ಚು’ ಎಂದು ಕರೆದರೆ ತಪ್ಪಾಗಲಾರದು.

ತೆರೆಯ ಹಿಂದಿನ ಸಂಖ್ಯೆಗಳು

ಬೆಟಗೇರಿಯ ಕೈಮಗ್ಗದ ಸೀರೆಯನ್ನು ಸಮೀಪದಿಂದ ನೋಡಿರಿ. ದೂರಕ್ಕೆ ಅಖಂಡವಾಗಿ ಕಾಣುವ ಅಂಚಿನ ಚಿತ್ತಾರವು ವಾಸ್ತವವಾಗಿ ಹಾಸು ಹೊಕ್ಕು ಎಳೆಗಳು ಕೂಡುವ ಸಹಸ್ರಾರು ಬಿಂದುಗಳ ಸಮೂಹ. ಲ್ಯಾಪ್‌ಟಾಪಿನ ತೆರೆಯೂ ಅಂತಹುದೇ. ಅಡ್ಡಸಾಲಿಗೆ ೧,೯೨೦ ಬಿಂದುಗಳಂತೆ ೧,೦೮೦ ಸಾಲುಗಳಿರುವ ತೆರೆಯಲ್ಲಿ ಒಟ್ಟು ೨೦,೭೩,೬೦೦ ಬಿಂದುಗಳಿರುತ್ತವೆ. ಇವುಗಳಿಗೆ ಪಿಕ್ಸೆಲ್‌ಗಳೆಂದು ಹೆಸರು. ಪ್ರತಿಯೊಂದು ಪಿಕ್ಸೆಲ್ಲಿನಲ್ಲಿಯೂ ಕೆಂಪು, ಹಸಿರು, ನೀಲಿ ಎಂಬ ಮೂರು ಭಾಗಗಳುಂಟು. ಒಂದೊಂದು ಭಾಗವು ಎಷ್ಟು ಪ್ರಕಾಶಿಸಬೇಕೆಂಬುದನ್ನು ೦ಯಿಂದ ೨೫೫ರ ವರೆಗಿನ ಒಂದು ಸಂಖ್ಯೆಯು ನಿರ್ಧರಿಸುತ್ತದೆ. ಮೂರೂ ೦ ಆದರೆ ಕಪ್ಪು. ಮೂರೂ ೨೫೫ ಆದರೆ ಬಿಳಿ. ಹೀಗೆ ೨೫೬ × ೨೫೬ × ೨೫೬, ಅಂದರೆ ೧,೬೭,೭೭,೨೧೬ ಬಣ್ಣಗಳು ಸಾಧ್ಯ.

ಈ ಸಂಖ್ಯೆಗಳೆಲ್ಲವೂ ಯಂತ್ರದ ಸ್ಮೃತಿಯ ಒಂದು ಭಾಗದಲ್ಲಿ ಸಾಲಾಗಿ ಬರೆಯಲ್ಪಟ್ಟಿರುತ್ತವೆ. ಸಾಮಾನ್ಯವಾಗಿ ಸೆಕೆಂಡಿಗೆ ೬೦ ಸಲ ಅವುಗಳನ್ನು ಓದಿ ತೆರೆಗೆ ಕಳುಹಿಸಲಾಗುತ್ತದೆ. ತೆರೆಯಚ್ಚಿನ ಕೀಲಿಯನ್ನು ಒತ್ತಿದಾಗ ಯಂತ್ರವು ಆ ಕ್ಷಣದ ಸಂಖ್ಯೆಗಳ ನಕಲನ್ನು ತೆಗೆದುಕೊಳ್ಳುತ್ತದೆ. ಅಷ್ಟೆ. ಇಲ್ಲಿ ಮಸೂರವಿಲ್ಲ, ಬೆಳಕೂ ಇಲ್ಲ.

ಇದನ್ನು ನೀವೇ ಪರೀಕ್ಷಿಸಬಹುದು. ತೆರೆಯ ಪ್ರಕಾಶವನ್ನು ಕನಿಷ್ಠಕ್ಕೆ ಇಳಿಸಿ ಒಂದು ಅಚ್ಚನ್ನು ತೆಗೆಯಿರಿ. ಪ್ರಕಾಶವನ್ನು ಪೂರ್ತಿಯಾಗಿ ಏರಿಸಿ ಇನ್ನೊಂದನ್ನು ತೆಗೆಯಿರಿ. ಎರಡರಲ್ಲಿ ಯಾವ ವ್ಯತ್ಯಾಸವೂ ಕಾಣದು. ತೆರೆಯ ಗಾಜು ಒಡೆದಿದ್ದರೂ ಅಚ್ಚಿನಲ್ಲಿ ಬಿರುಕು ಮೂಡುವುದಿಲ್ಲ. ಇದರಿಂದ ಒಂದು ಉಪಯೋಗವೂ ಉಂಟು. ತೆರೆಯ ಮೇಲೆ ಅಕಾರಣವಾಗಿ ಗೆರೆಗಳು ಕಾಣಿಸಿಕೊಂಡಾಗ ಅಚ್ಚು ತೆಗೆದು ಬೇರೊಂದು ಯಂತ್ರದಲ್ಲಿ ನೋಡಿರಿ. ಅಲ್ಲಿ ಗೆರೆಗಳಿಲ್ಲದಿದ್ದರೆ ದೋಷವು ಬಹುಶಃ ತೆರೆಯಲ್ಲಿಯೋ ಅದರ ತಂತಿಯಲ್ಲಿಯೋ ಇದೆ. ಅಲ್ಲಿಯೂ ಇದ್ದರೆ ದೋಷವು ಒಳಗಿನದು. ದುರಸ್ತಿಯ ಅಂಗಡಿಗೆ ಹೋಗುವ ಮೊದಲೇ ಇಷ್ಟನ್ನು ತಿಳಿದಿರುವುದು ಒಳ್ಳೆಯದಲ್ಲವೆ?

ಪಟ್ಟೆಗಳು ಬಂದುದೇಕೆ?

ನಮ್ಮ ವಿದ್ಯಾರ್ಥಿಯ ಚಿತ್ರದಲ್ಲಿದ್ದ ಪಟ್ಟೆಗಳು ಎಲ್ಲಿಂದ ಬಂದವು? ಸಮೀಪದ ಆವರ್ತಗಳುಳ್ಳ ಎರಡು ಶ್ರುತಿಕವೆಗಳನ್ನು ಒಟ್ಟಿಗೆ ನುಡಿಸಿದರೆ ಧ್ವನಿಯು ಏರುತ್ತ ಇಳಿಯುತ್ತ ಕೇಳಿಸುತ್ತದೆಂಬುದನ್ನು ನೀವು ಓದಿದ್ದೀರಿ. ೨೫೬ ಮತ್ತು ೨೬೦ ಹರ್ಟ್ಸ್ ಕವೆಗಳಿಂದ ಸೆಕೆಂಡಿಗೆ ನಾಲ್ಕು ವಿಸ್ಪಂದಗಳು ಹುಟ್ಟುತ್ತವೆ. ಕಾಲದಲ್ಲಿ ನಡೆಯುವ ಈ ಸಂಗತಿಯೇ ದೇಶದಲ್ಲಿಯೂ ನಡೆಯುತ್ತದೆ. ತೆರೆಯ ಬಿಂದುಗಳದು ಒಂದು ಜಾಲ. ಕ್ಯಾಮರಾದೊಳಗಿನ ಬೆಳಕು ಗ್ರಹಿಸುವ ಬಿಂದುಗಳದು ಇನ್ನೊಂದು. ಒಂದೇ ಅಂತರದಲ್ಲಿ ಮೊದಲನೆಯದರ ೧೦೦ ಗೆರೆಗಳೂ ಎರಡನೆಯದರ ೧೦೧ ಗೆರೆಗಳೂ ಬಿದ್ದರೆ, ಅಷ್ಟು ಅಗಲಕ್ಕೆ ಒಂದು ದೊಡ್ಡ ಪಟ್ಟೆಯು ಮೂಡುತ್ತದೆ. ತೆಳುವಾದ ಎರಡು ಬಟ್ಟೆಗಳನ್ನು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದು ಸ್ವಲ್ಪ ತಿರುಗಿಸಿದರೆ ಇದೇ ವಿನ್ಯಾಸವು ಓಡಾಡುವುದನ್ನು ಕಾಣಬಹುದು. ಇದಕ್ಕೆ ಮ್ವಾರೆ ವಿನ್ಯಾಸವೆಂದು ಹೆಸರು. ತೆರೆಯಚ್ಚಿನಲ್ಲಿ ಎರಡನೆಯ ಜಾಲವೇ ಇಲ್ಲವಾದುದರಿಂದ ಪಟ್ಟೆಗಳೂ ಹುಟ್ಟುವುದಿಲ್ಲ.

ಕೀಲಿಯ ಕಥೆ

ಹಿಂದೆ ಪ್ರಯೋಗಶಾಲೆಗಳಲ್ಲಿ ಆಸಿಲೋಸ್ಕೋಪಿನ ತೆರೆಯ ಮೇಲಿನ ಅಲೆಗಳನ್ನು ಉಳಿಸಬೇಕಾದರೆ ಅದರ ಮುಂದೆ ಕ್ಯಾಮರಾವನ್ನೇ ಜೋಡಿಸುತ್ತಿದ್ದರು. ೧೯೮೧ರಲ್ಲಿ ಬಂದ ಐಬಿಎಂ ಪರ್ಸನಲ್ ಕಂಪ್ಯೂಟರಿನ ಕೀಲಿಮಣೆಯಲ್ಲಿ ‘ಪ್ರಿಂಟ್ ಸ್ಕ್ರೀನ್’ ಎಂಬ ಸೌಕರ್ಯವಿದ್ದಿತು. ಅದನ್ನು ಶಿಫ್ಟ್ ಕೀಲಿಯೊಡನೆ ಒತ್ತಿದರೆ ತೆರೆಯ ಮೇಲಿನ ಅಕ್ಷರಗಳು ಮುದ್ರಣಯಂತ್ರದಿಂದ ಕಾಗದದ ಮೇಲೆ ಅಚ್ಚಾಗಿ ಬರುತ್ತಿದ್ದವು. ಹೆಸರು ಅಂದಿನದೇ ಉಳಿದಿದೆ. ಕೆಲಸ ಮಾತ್ರ ಬದಲಾಗಿದೆ.

ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಕೀಲಿಯನ್ನೂ ಪ್ರಿಂಟ್ ಸ್ಕ್ರೀನ್ ಕೀಲಿಯನ್ನೂ ಕೂಡಿ ಒತ್ತಿದರೆ ಇಡಿಯ ತೆರೆಯ ಅಚ್ಚು ಪಿಕ್ಚರ್ಸ್ ಎಂಬಲ್ಲಿಯ ಸ್ಕ್ರೀನ್‌ಶಾಟ್ಸ್ ಕಡತಕೋಶದಲ್ಲಿ ತಾನಾಗಿಯೇ ಶೇಖರವಾಗುತ್ತದೆ. ವಿಂಡೋಸ್, ಶಿಫ್ಟ್, ಎಸ್ ಈ ಮೂರನ್ನೂ ಕೂಡಿ ಒತ್ತಿದರೆ ಬೇಕಾದ ಭಾಗವನ್ನಷ್ಟೇ ಆರಿಸಬಹುದು. ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಒತ್ತಿದರೆ ಕೆಲಸ ನಡೆದಿರುವ ಕಿಟಕಿಯೊಂದೇ ಬರುತ್ತದೆ. ಕೆಲವು ಲ್ಯಾಪ್‌ಟಾಪುಗಳಲ್ಲಿ ಇವುಗಳೊಡನೆ ಎಫ್‌ಎನ್ ಕೀಲಿಯನ್ನೂ ಒತ್ತಬೇಕಾಗುತ್ತದೆ. ಮ್ಯಾಕ್ ಯಂತ್ರದಲ್ಲಿ ಕಮಾಂಡ್, ಶಿಫ್ಟ್, ೩ ಒತ್ತಿದರೆ ಪೂರ್ಣ ತೆರೆ. ೩ರ ಬದಲು ೪ ಒತ್ತಿದರೆ ಆರಿಸಿದ ಭಾಗ.

ಒಂದು ಎಚ್ಚರಿಕೆ: ಕೆಲವು ವಿಧಾನಗಳಲ್ಲಿ ನಕಲು ಕಡತವಾಗದೆ, ಕ್ಲಿಪ್‌ಬೋರ್ಡ್ ಎಂಬ ತಾತ್ಕಾಲಿಕ ಸ್ಮೃತಿಯಲ್ಲಿ ಮಾತ್ರ ನಿಲ್ಲುತ್ತದೆ. ಇನ್ನೊಂದನ್ನು ನಕಲು ಮಾಡಿದರೆ ಸಾಮಾನ್ಯವಾಗಿ ಮೊದಲಿನದರ ಸ್ಥಾನವನ್ನು ಅದು ಆಕ್ರಮಿಸುತ್ತದೆ. ಚಿತ್ರವನ್ನು ಎಲ್ಲಿಯಾದರೂ ಅಂಟಿಸಿ ಉಳಿಸುವ ವರೆಗೆ ಅದು ಉಳಿಯಿತೆಂದು ಭಾವಿಸಬಾರದು.

ಉಳಿಸುವ ಬಗೆ

೨೦,೭೩,೬೦೦ ಪಿಕ್ಸೆಲ್‌ಗಳಿಗೆ ಮೂರು ಮೂರು ಬೈಟ್‌ಗಳಂತೆ ಒಂದು ತೆರೆಗೆ ೬೨,೨೦,೮೦೦ ಬೈಟ್‌ಗಳು ಬೇಕು. ಆದರೆ ಬರಹದ ಪುಟದಲ್ಲಿ ಬಹುಭಾಗ ಬರಿಯ ಬಿಳಿಯಷ್ಟೆ. ೧೯೯೬ರಲ್ಲಿ ರೂಪುಗೊಂಡ ಪಿಎನ್‌ಜಿ ಎಂಬ ವಿಧಾನವು ಇಂತಹ ಪುನರಾವರ್ತನೆಯನ್ನು ಸಂಕ್ಷೇಪ ಸಂಕೇತಗಳಿಂದ ಬರೆದಿಡುತ್ತದೆ. ಬಿಡಿಸಿದಾಗ ಒಂದು ಬಿಂದುವೂ ವ್ಯತ್ಯಾಸವಾಗದು. ಜೆಪೆಗ್ ವಿಧಾನವಾದರೋ ಚಿತ್ರವನ್ನು ೮ × ೮ ಬಿಂದುಗಳ ಚೌಕಗಳಾಗಿ ಒಡೆದು, ಕಣ್ಣಿಗೆ ಅಷ್ಟಾಗಿ ಗೋಚರಿಸದ ಸೂಕ್ಷ್ಮಗಳನ್ನು ಕೈಬಿಡುತ್ತದೆ. ಮಾಗಡಿ ಕೆರೆಯ ಹಕ್ಕಿಗಳ ಛಾಯಾಚಿತ್ರಕ್ಕೆ ಇದು ತಕ್ಕುದು. ಅಕ್ಷರದ ಅಂಚಿಗೆ ತಕ್ಕುದಲ್ಲ. ಅಂಚಿನ ಸುತ್ತ ಮಸುಕು ಹರಡುತ್ತದೆ. ಕನ್ನಡದಲ್ಲಿ ಒಂದು ಕೊಂಬು, ಒಂದು ಒತ್ತು ಮಸುಕಾದರೆ ಅರ್ಥವೇ ಬೇರೆಯಾದೀತು. ಆದುದರಿಂದ ಬರಹದ ಅಚ್ಚನ್ನು ಪಿಎನ್‌ಜಿಯಾಗಿಯೇ ಇಡತಕ್ಕದ್ದು.

ಇನ್ನೊಂದು ಮಾತು. ಅಚ್ಚಿನಲ್ಲಿರುವುದು ಅಕ್ಷರದ ಆಕಾರವೇ ಹೊರತು ಅಕ್ಷರವಲ್ಲ. ಶಾಸನದ ಅಚ್ಚನ್ನು ಓದಲು ಲಿಪಿಜ್ಞರು ಬೇಕಾಗುವಂತೆ, ತೆರೆಯಚ್ಚಿನಿಂದ ಬರಹವನ್ನು ಮರಳಿ ಪಡೆಯಲು ಆಕಾರವನ್ನು ಗುರುತಿಸುವ ತಂತ್ರಾಂಶ ಬೇಕು. ಅದು ತಪ್ಪುವುದೂ ಉಂಟು. ಹಳೆಯ ನುಡಿ ಅಕ್ಷರಗಳ ಕಡತವು ಬೇರೆಯವರ ಯಂತ್ರದಲ್ಲಿ ತೆರೆಯದೆಂದು ಅನೇಕರು ಅದರ ಚಿತ್ರವನ್ನೇ ಕಳುಹಿಸುತ್ತಾರೆ. ಒಂದು ದಿನದ ಮಟ್ಟಿಗೆ ಅದು ಸರಿ. ಬಹುಕಾಲ ಉಳಿಯಬೇಕಾದ, ಹುಡುಕಿದರೆ ಸಿಗಬೇಕಾದ ಬರಹವನ್ನು ಯೂನಿಕೋಡಿನಲ್ಲಿಯೇ ಇಡಬೇಕು.

ಅಚ್ಚು ಸಾಕ್ಷಿಯಾಗಬಲ್ಲುದೆ?

ತೆರೆಯಚ್ಚು ನಿಷ್ಠೆಯುಳ್ಳ ನಕಲು ಎಂದೆವು; ಆದರೆ ಅದು ಯಾವುದರ ನಕಲು? ತೆರೆಯ ಮೇಲೆ ಕಂಡುದರ ನಕಲೇ ಹೊರತು ಸತ್ಯದ ನಕಲಲ್ಲ. ಸಂಖ್ಯೆಗಳನ್ನು ಬದಲಾಯಿಸಲು ವಿಶೇಷ ಪಾಂಡಿತ್ಯವೇನೂ ಬೇಡ. ಹಣ ಸಂದಾಯವಾಯಿತೆಂದು ಸುಳ್ಳು ಚಿತ್ರವನ್ನು ತೋರಿಸಿ ಅಂಗಡಿಕಾರರನ್ನು ವಂಚಿಸುವವರು ಇರುವುದರಿಂದಲೇ, ವ್ಯಾಪಾರಿಯು ಗಿರಾಕಿಯ ತೆರೆಯನ್ನು ನಂಬದೆ ತನ್ನ ಖಾತೆಯನ್ನು ನೋಡಿಕೊಳ್ಳಬೇಕು. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ೬೩ನೆಯ ಕಲಮು ವಿದ್ಯುನ್ಮಾನ ದಾಖಲೆಗಳೊಡನೆ ಪ್ರಮಾಣಪತ್ರವನ್ನೂ ಬಯಸುವುದು ಇದೇ ಕಾರಣದಿಂದ.

ಮರೆಮಾಡುವುದರಲ್ಲಿಯೂ ಜಾಗರೂಕತೆ ಬೇಕು. ವಿಂಡೋಸ್ ೧೧ರ ಸ್ನಿಪ್ಪಿಂಗ್ ಟೂಲ್‌ನಲ್ಲಿ, ಕತ್ತರಿಸಿ ಅದೇ ಕಡತಕ್ಕೆ ಉಳಿಸಿದ ಚಿತ್ರಗಳೊಳಗೆ ಕತ್ತರಿಸಿದ ಭಾಗದ ಅಂಶಗಳು ಉಳಿದುಬಿಡುವ ದೋಷವು ೨೦೨೩ರ ಮಾರ್ಚಿನಲ್ಲಿ ಬೆಳಕಿಗೆ ಬಂದು, ಆ ತಿಂಗಳಲ್ಲಿಯೇ ಸರಿಪಡಿಸಲ್ಪಟ್ಟಿತು. ಆಧಾರ್ ಸಂಖ್ಯೆಯ ಮೇಲೆ ತೆಳುವಾದ ಬಣ್ಣವನ್ನು ಬಳಿದರೆ ಅಡಿಯ ಅಂಕಿಗಳನ್ನು ಮತ್ತೆ ಹೊರತರಬಹುದು. ಪೂರ್ಣವಾಗಿ ಅಪಾರದರ್ಶಕವಾದ ಚೌಕದಿಂದ ಮುಚ್ಚಿ, ಹೊಸ ಕಡತವಾಗಿ ಉಳಿಸಿ ಕಳುಹಿಸುವುದು ಕ್ಷೇಮ.

ಕಲ್ಲಿನ ಅಚ್ಚು ತೆಗೆಯುವವರು ಅದರೊಡನೆ ಊರು, ಸ್ಥಳ, ದಿನಾಂಕಗಳನ್ನು ಬರೆದಿಡುತ್ತಾರೆ. ಇಲ್ಲವಾದರೆ ಅದು ತಾಯಿಬೇರಿಲ್ಲದ ಕಾಗದವಾಗುತ್ತದೆ. ನೀವೂ ಅರ್ಜಿಯ ಅಚ್ಚು ತೆಗೆಯುವಾಗ ಪುಟದ ವಿಳಾಸ, ದಿನಾಂಕ, ವೇಳೆಗಳು ಕಾಣುವಂತೆ ತೆಗೆಯಿರಿ; ಕಡತಕ್ಕೆ ಅರ್ಥವುಳ್ಳ ಹೆಸರನ್ನಿಡಿರಿ; ತೆಗೆದ ಮೇಲೆ ಒಮ್ಮೆ ತೆರೆದು ನೋಡಿ, ಅನಂತರವೇ ಪುಟವನ್ನು ಮುಚ್ಚಿರಿ. ನಮ್ಮ ಮುಂಡರಗಿಯ ವಿದ್ಯಾರ್ಥಿಯ ಅರ್ಜಿ ಸಿಕ್ಕಿತು. ಆ ಅಂಕಿ ಎಂಟಾಗಿದ್ದಿತು. ಎಲ್ಲರಿಗೂ ಇನ್ನೊಂದು ಮಧ್ಯಾಹ್ನದ ಅವಕಾಶವು ದೊರೆಯುವುದೆಂದು ಹೇಳಲಾಗದು.