ಮೊಡವೆ: ತಿಳಿವಳಿಕೆ ಮತ್ತು ಹೋಮಿಯೋಪಥಿ ಚಿಕಿತ್ಸೆ

ಹದಿಹರೆಯವು ಮಕ್ಕಳ ದೇಹದಲ್ಲಿಯೂ ಮನಸ್ಸಿನಲ್ಲಿಯೂ ಅನೇಕ ಬದಲಾವಣೆಗಳನ್ನು ತರುವ ಕಾಲ. ಈ ವಯಸ್ಸಿನಲ್ಲಿ ಮುಖದ ಮೇಲೆ ಮೂಡುವ ಮೊಡವೆಯು ಪ್ರಾಣಾಪಾಯದ ರೋಗವಲ್ಲ. ಆದರೆ ಕನ್ನಡಿಯ ಮುಂದೆ ನಿಂತ ಮಗಳಿಗೆ ಅದು ದೊಡ್ಡ ಸಂಕಟವೇ ಸರಿ. ಮದುವೆಗೂ ಜಾತ್ರೆಗೂ ಬರಲು ಹಿಂಜರಿಯುವ ಮಕ್ಕಳನ್ನು ನಾವು ನಮ್ಮ ಮನೆಗಳಲ್ಲಿಯೇ ಕಾಣುತ್ತೇವೆ. “ಇದೇನು ನಿನ್ನ ಮುಖ?” ಎಂಬ ಹಿರಿಯರ ಮಾತು ಗಾಯದ ಮೇಲೆ ಬರೆ ಎಳೆದಂತಾಗುತ್ತದೆ.

ಮೊಡವೆ ಹುಟ್ಟುವ ಬಗೆ

ಚರ್ಮದಲ್ಲಿ ಕೂದಲಿನ ಬುಡಕ್ಕೆ ಹೊಂದಿಕೊಂಡು ಸಣ್ಣ ತೈಲಗ್ರಂಥಿಗಳಿವೆ. ಪ್ರಾಯಕ್ಕೆ ಬರುವ ಹುಡುಗ ಹುಡುಗಿಯರಿಬ್ಬರಲ್ಲಿಯೂ ಹೆಚ್ಚುವ ಆಂಡ್ರೋಜನ್ ಹಾರ್ಮೋನುಗಳು ಇವನ್ನು ಪ್ರಚೋದಿಸುತ್ತವೆ. ಅಧಿಕವಾಗಿ ಸ್ರವಿಸಿದ ಜಿಡ್ಡು ಸತ್ತ ಜೀವಕೋಶಗಳೊಡನೆ ಸೇರಿ ಚರ್ಮದ ರಂಧ್ರವನ್ನು ಮುಚ್ಚುತ್ತದೆ. ಅಲ್ಲಿ ಬ್ಯಾಕ್ಟೀರಿಯಾ ವೃದ್ಧಿಯಾಗಿ ಚರ್ಮ ಕೆಂಪೇರುತ್ತದೆ, ಕೀವು ತುಂಬುತ್ತದೆ. ಕೆಲವರಲ್ಲಿ ಆಳವಾದ ಗಂಟುಗಳಾಗುತ್ತವೆ. ಕೆಲವು ಮೊಡವೆಗಳ ತುದಿಯ ಕಪ್ಪು ಬಣ್ಣ ಕೊಳೆಯದಲ್ಲ. 12ರಿಂದ 24 ವರ್ಷದೊಳಗಿನವರಲ್ಲಿ ಶೇಕಡಾ 85ರಷ್ಟು ಮಂದಿಗೆ ಒಂದಲ್ಲ ಒಂದು ಪ್ರಮಾಣದಲ್ಲಿ ಮೊಡವೆ ಕಾಣಿಸಿಕೊಳ್ಳುತ್ತದೆ. ಆದುದರಿಂದ ಇದನ್ನು ಅಶುಚಿಯ ಅಥವಾ ನಡತೆಯ ದೋಷವೆಂದು ಭಾವಿಸುವುದು ಸರಿಯಲ್ಲ.

ಹೋಮಿಯೋಪಥಿ ಏನು ಹೇಳುತ್ತದೆ?

ಮೊಡವೆಗೆ ಸಿಹಿಗುಳಿಗೆಯನ್ನು ಕೊಡಿಸುವ ಮನೆಗಳು ನಮ್ಮಲ್ಲಿ ಅನೇಕ. ಈ ಪದ್ಧತಿಗೂ ನಮ್ಮ ನಾಡಿಗೂ ಹಳೆಯ ನಂಟು. 1880ರಲ್ಲಿಯೇ ಫಾದರ್ ಅಗಸ್ಟಸ್ ಮುಲ್ಲರ್ ಅವರು ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯವನ್ನು ತೆರೆದರು. ಜರ್ಮನಿಯ ವೈದ್ಯ ಸ್ಯಾಮ್ಯುಯೆಲ್ ಹಾನಿಮನ್ ಅವರು 1796ರಲ್ಲಿ ಇದರ ಮೂಲತತ್ತ್ವವನ್ನು ಪ್ರಕಟಿಸಿದರು. ಆರೋಗ್ಯವಂತನಲ್ಲಿ ಯಾವ ಲಕ್ಷಣವನ್ನು ಉಂಟುಮಾಡುವುದೋ ಅದೇ ವಸ್ತು ಆ ಲಕ್ಷಣವಿರುವ ರೋಗಿಗೆ ಮದ್ದು ಎಂಬುದು ಆ ತತ್ತ್ವ. ಹೆಚ್ಚು ಪ್ರಮಾಣದ ಪೊಟ್ಯಾಸಿಯಂ ಬ್ರೋಮೈಡ್ ಸೇವನೆಯಿಂದ ಮೊಡವೆಯಂಥ ಗುಳ್ಳೆಗಳು ಏಳುತ್ತವೆ. ಅದರಿಂದಲೇ ತಯಾರಾದ ‘ಕಾಲಿ ಬ್ರೋಮೇಟಂ’ ಮೊಡವೆಗೆ ಕೊಡುವ ಗುಳಿಗೆಯಾಗಿದೆ. ಕೀವಿದ್ದರೆ ‘ಹೆಪಾರ್ ಸಲ್ಫ್’, ಮುಟ್ಟಿನ ಏರುಪೇರಿದ್ದರೆ ‘ಪಲ್ಸಟಿಲ್ಲಾ’ ಎಂದು ವೈದ್ಯರು ರೋಗಿಯ ಸ್ವಭಾವವನ್ನೂ ಕೇಳಿ ಆರಿಸುತ್ತಾರೆ.

ಇಲ್ಲಿ ನಾವು ಸತ್ಯವನ್ನು ಮರೆಮಾಚಬಾರದು. ‘30’ ಎಂಬ ಶಕ್ತಿಯ ಔಷಧವೆಂದರೆ ನೂರರಲ್ಲಿ ಒಂದು ಭಾಗದಂತೆ ಮೂವತ್ತು ಬಾರಿ ತೆಳುಗೊಳಿಸಿದ್ದು. ಅದರಲ್ಲಿ ಮೂಲವಸ್ತುವಿನ ಒಂದು ಅಣುವೂ ಉಳಿದಿರುವ ಸಂಭವವಿಲ್ಲ. ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿಯು 2015ರಲ್ಲಿ ಲಭ್ಯ ಅಧ್ಯಯನಗಳನ್ನು ಪರಿಶೀಲಿಸಿ, ಯಾವ ಕಾಯಿಲೆಗೂ ಹೋಮಿಯೋಪಥಿ ಪರಿಣಾಮಕಾರಿ ಎನ್ನಲು ನಂಬಲರ್ಹ ಆಧಾರವಿಲ್ಲವೆಂದು ತಿಳಿಸಿತು. ಮೊಡವೆಯು ತಾನಾಗಿಯೇ ಏರಿ ಇಳಿಯುವುದರಿಂದಲೂ ವಯಸ್ಸಾದಂತೆ ಕಡಿಮೆಯಾಗುವುದರಿಂದಲೂ ಗುಳಿಗೆಯೇ ಗುಣಪಡಿಸಿತೆಂಬ ಭಾವನೆ ಸಹಜವಾಗಿ ಬರುತ್ತದೆ. ಆದರೆ ಗಂಟು ಕಟ್ಟುವ ಮೊಡವೆಗೆ ಕಾಯುತ್ತ ಕೂತರೆ, ಮುಂದೆ ಉಳಿಯುವುದು ಮಾಸದ ಕಲೆ ಮತ್ತು ಗುಳಿ.

ಪಾಲಕರು ಗಮನಿಸಬೇಕಾದುದು

ದಿನಕ್ಕೆ ಎರಡು ಬಾರಿ ಸೌಮ್ಯ ಸಾಬೂನಿನಿಂದ ಮುಖ ತೊಳೆದರೆ ಸಾಕು, ಉಜ್ಜಬಾರದು, ಹಿಸುಕಬಾರದು. ತಲೆಗೆ ಹಚ್ಚಿದ ಎಣ್ಣೆ ಹಣೆಗೆ ಇಳಿಯದಂತೆ ನೋಡಿಕೊಳ್ಳಬೇಕು. ಸಾಧಾರಣ ಮೊಡವೆಗೆ ಬೆಂಜಾಯಿಲ್ ಪೆರಾಕ್ಸೈಡ್ ಅಥವಾ ಅಡಾಪಲೀನ್ ಲೇಪನವನ್ನು ಚರ್ಮವೈದ್ಯರು ಸೂಚಿಸುತ್ತಾರೆ. ಗುಣ ಕಾಣಲು ಆರರಿಂದ ಎಂಟು ವಾರಗಳಾದರೂ ಬೇಕು. ಬಣ್ಣ ಬಿಳುಪಾಗಲೆಂದು ಅಂಗಡಿಯಿಂದ ತಂದು ಹಚ್ಚುವ ಸ್ಟೀರಾಯ್ಡ್ ಮಿಶ್ರಿತ ಮುಲಾಮುಗಳು ಚರ್ಮವನ್ನು ತೆಳುವಾಗಿಸಿ, ಮೊಡವೆಯನ್ನು ಹೆಚ್ಚಿಸುತ್ತವೆ. ತೀವ್ರ ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಮಾತ್ರೆ ಗರ್ಭಸ್ಥ ಶಿಶುವಿಗೆ ಘೋರ ಹಾನಿ ಮಾಡುವುದರಿಂದ ಗರ್ಭಿಣಿಯರು ಅದನ್ನು ಮುಟ್ಟಲೇಬಾರದು. ಇತರರೂ ವೈದ್ಯರ ನಿಗಾದಲ್ಲಿಯೇ ಸೇವಿಸಬೇಕು. ಮುಟ್ಟು ತಪ್ಪುತ್ತಿದ್ದು ಮುಖದಲ್ಲಿ ಕೂದಲು ಹೆಚ್ಚುತ್ತಿದ್ದರೆ ಸ್ತ್ರೀರೋಗ ತಜ್ಞರ ಸಲಹೆಯೂ ಅಗತ್ಯ.

ಶರಣರು ಕಾಯವನ್ನು ಹೀನವೆಂದು ಕಾಣಲಿಲ್ಲ. ಅದನ್ನು ದೇವನ ಆಲಯವೆಂದು ಗೌರವಿಸಿದರು. ಆ ಪರಂಪರೆಯ ನಾವು ನಮ್ಮ ಮಕ್ಕಳ ಮುಖದ ಕಲೆಯನ್ನು ಹಳಿಯದಿರೋಣ. ಅವರ ಸಂಕೋಚವನ್ನು ಅರಿತು, ಸಕಾಲದಲ್ಲಿ ಯೋಗ್ಯ ವೈದ್ಯರ ಬಳಿಗೆ ಕರೆದೊಯ್ಯುವುದೇ ತಂದೆತಾಯಿಗಳ ನಿಜವಾದ ಕರ್ತವ್ಯ.